ಬೇಸಿಗೆಗೆ ಹುಲ್ಲಿನ ಲೋಡ್ ತರಿಸುವವರೇ, ಪೆಂಡಿ ಎಣಿಸಿ ದುಡ್ಡು ಕೊಡಬೇಡಿ

ಫೆಂಗಲ್ ಚಂಡಮಾರುತದ ಮಳೆ ಹಿಡಿದದ್ದು 2024ರ ಡಿಸೆಂಬರ್ ಮೊದಲ ವಾರ. ಸರಿಯಾಗಿ ಕೊಯ್ಲಿನ ಹೊತ್ತು. ನಮ್ಮ ತುಮಕೂರು ಕಡೆ ಕೊಯ್ದು ಹಾಕಿದ್ದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು, ಹುಲ್ಲು ಕಪ್ಪಗಾಯಿತು. ನಮಗೆ ಮೆದೆ ಒಟ್ಟುವಷ್ಟು ಹುಲ್ಲು ಸಿಗಲಿಲ್ಲ. ಬೇಸಿಗೆಗೆ ಭತ್ತದ ಹುಲ್ಲನ್ನು ಹೊರಗಿಂದ ತರಿಸಬೇಕಾಯಿತು. ಆಗ ಒಬ್ಬ ದಲ್ಲಾಳಿ ನಮಗೆ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದೇ ಥರದ ವಿಡಿಯೊ, ಅದೇ ಥರದ ಮಾತು ಈಗಲೂ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿವೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಕೊಟ್ಟಿಗೆಯಲ್ಲಿ ಹಾಲು ಕೊಡುವ ಹಸು ನಾಲ್ಕು. ಹಸಿಮೇವು, ಹಿಂಡಿ, ಬೂಸಾ ಜೊತೆಗೆ ಒಂದಕ್ಕೆ ದಿನಕ್ಕೆ 6 ಕೆಜಿ ಒಣಹುಲ್ಲು ಅಂದರೂ 24 ಕೆಜಿ ಬೇಕು. ಫೆಬ್ರವರಿಯಿಂದ ಜೂನ್ ಕೊನೆವರೆಗೆ 3,600 ಕೆಜಿ. ದಲ್ಲಾಳಿ ಹೇಳಿದ್ದು ಪೆಂಡಿಗೆ, ಅಂದರೆ ಮೆಷಿನ್ ಸುತ್ತಿದ ಒಂದು ಕಟ್ಟಿಗೆ, 20 ಕೆಜಿ, ಬಾಡಿಗೆ ಸೇರಿ 190 ರೂಪಾಯಿ. 180 ಪೆಂಡಿಗೆ 34,200 ರೂಪಾಯಿ. ಕೆಜಿಗೆ ಒಂಬತ್ತೂವರೆ ಬಿತ್ತು. ಆ ವರ್ಷಕ್ಕೆ ಅದು ದುಬಾರಿ ಅನಿಸಲಿಲ್ಲ. ಅವನು ಕಳಿಸಿದ ವಿಡಿಯೊದಲ್ಲಿ ಹುಲ್ಲು ಬಂಗಾರದ ಬಣ್ಣ.

ಲಾರಿ ಬಂದದ್ದು ರಾತ್ರಿ ಹನ್ನೊಂದರ ಮೇಲೆ. ಮನೆಯಲ್ಲಿ ಅಪ್ಪ ಇದ್ದರು. ಅಪ್ಪ ತೂಕ ಕೇಳಿದಾಗ ಡ್ರೈವರ್ ಹಿಂದಿನ ಸಾಲಿನ ಎರಡು ಪೆಂಡಿ ಇಳಿಸಿ, ಕೊಕ್ಕೆ ತಕ್ಕಡಿಗೆ ಹಾಕಿ ತೋರಿಸಿದ. ಎರಡೂ 20 ಕೆಜಿ. ಲಾರಿ ತೂಗುವ ವೇ ಬ್ರಿಡ್ಜ್‌ಗೆ ಹೋಗಿ ಬರೋಣ ಅಂದರೆ, 'ಈ ಹೊತ್ತಲ್ಲಿ ಯಾರು ತೆಗೀತಾರೆ ಯಜಮಾನ್ರೇ, ಬೆಳಗ್ಗೆ ಇನ್ನೊಂದು ಲೋಡ್ ಇದೆ. ದುಡ್ಡು ಹಾಕಿದ್ರೆ ಹಗ್ಗ ಬಿಚ್ತೀನಿ' ಅಂದ. ದಲ್ಲಾಳಿ ಫೋನಲ್ಲಿ ಅದನ್ನೇ ಹೇಳಿದ. ಬಾಕಿ ದುಡ್ಡು ಹೋಯಿತು. ಬಿಲ್ಲೂ ಇಲ್ಲ, ಕೈಚೀಟಿಯೂ ಇಲ್ಲ. ರಾತ್ರಿ ಲೋಡ್ ತರುವುದು ಇವರಿಗೆ ಅನುಕೂಲಕ್ಕಲ್ಲ, ಮೋಸದ ವ್ಯಾಪಾರಕ್ಕೆ ಅಂತ ಈಗ ನನಗೆ ಅನುಮಾನವೇ ಇಲ್ಲ.

ಬೆಳಗ್ಗೆ ತೂಗಿದರೆ ಒಳಗಿನ ಪೆಂಡಿಗಳು 12, 13 ಕೆಜಿ. ನಡುನಡುವೆ 25 ಕೆಜಿ ದಾಟಿದವೂ ಇದ್ದವು. ಅಂಥ ಒಂದು ಪೆಂಡಿಯನ್ನು ಕುಡುಗೋಲಲ್ಲಿ ಕೊಯ್ದು ಬಿಡಿಸಿದೆ. ಮೇಲಿನ ಒಂದು ಗೇಣು ಹಳದಿ, ಅದರ ಒಳಗೆ ಕಂದು, ನಟ್ಟನಡುವೆ ಕಪ್ಪು. ಎಳೆಗಳ ಮಧ್ಯೆ ಬಿಳಿ ಬೂಸ್ಟು. ಕೊಡವಿದರೆ ಹೊಗೆ ಥರ ಪುಡಿ ಏಳುತ್ತಿತ್ತು, ಮೂಗಿಗೆ ಹೋದರೆ ಸೀನು. ಕೈ ಒಳಗಿಟ್ಟರೆ ಬಿಸಿ. ಗದ್ದೆಯಲ್ಲಿ ಮಳೆಗೆ ನೆಂದ ಹುಲ್ಲನ್ನು ಒಣಗಲು ಬಿಡದೆ ಪೆಂಡಿ ಸುತ್ತುವ ಮೆಷಿನ್ ಬೇಲರ್‌ಗೆ ಕೊಟ್ಟು ಸುತ್ತಿದ್ದರು. ಬಿಗಿಯಾಗಿ ಸುತ್ತಿದ ಒದ್ದೆ ಹುಲ್ಲು ಒಳಗೊಳಗೇ ಕಾಯುತ್ತದೆ. ಅಂಥದ್ದನ್ನು ರಾಶಿ ಒಟ್ಟಿದರೆ ಬೀಡಿ ಬೆಂಕಿ ಬೇಡ, ತಾನಾಗೇ ಹೊತ್ತಿಕೊಳ್ಳುವುದೂ ಉಂಟು. ಅವತ್ತೇ ಎಲ್ಲ ಪೆಂಡಿ ಕೊಟ್ಟಿಗೆಯಿಂದ ಹೊರಗೆಳೆದು ಬಿಸಿಲಿಗೆ ಹರಡಿದೆವು.

ಒಣಗಿದ ಮೇಲೆ ಪೆಂಡಿಗೆ ಸರಾಸರಿ 13 ಕೆಜಿ ಹಿಡಿಯಿರಿ. ಒಟ್ಟು 2,340 ಕೆಜಿ. ಅದರಲ್ಲಿ ಕಾಲು ಭಾಗ ತಿಪ್ಪೆಗೆ. ಉಳಿದದ್ದಕ್ಕೆ ಕೆಜಿಗೆ ಹತ್ತೊಂಬತ್ತೂವರೆ ಬಿತ್ತು. ಜೂನ್‌ವರೆಗೆ ಬರಬೇಕಿದ್ದ ಹುಲ್ಲು ಏಪ್ರಿಲ್ ಮಧ್ಯಕ್ಕೇ ಖಾಲಿ.

ಲುಕ್ಸಾನು ದುಡ್ಡಿನದ್ದಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಕಣ್ಣಿಗೆ ಕಾಣುವ ಬೂಸ್ಟು ಆರಿಸಿ ತೆಗೆದರೂ ಹಸುಗಳು ಆ ಹುಲ್ಲನ್ನು ಮೂಸಿ ಮೂತಿಯಲ್ಲಿ ತಳ್ಳುತ್ತಿದ್ದವು. ಮೆಲುಕು ಕಡಿಮೆಯಾಯಿತು, ಸಗಣಿ ನೀರಾಯಿತು, ಹಾಲು ಇಳಿಯಿತು. ಡೈರಿಯಲ್ಲಿ ಹಾಲಿನ ಗಟ್ಟಿತನ ನೋಡುವ ಡಿಗ್ರಿ ಬರಲಿಲ್ಲ, ರೇಟೂ ಬಿತ್ತು. ಏಳು ತಿಂಗಳ ಗಬ್ಬದ ಹಸು ಕಂದು ಹಾಕಿತು, ಅಂದರೆ ಗರ್ಭ ಇಳಿಯಿತು. ಅದಕ್ಕೆ ಬೂಸ್ಟೇ ಕಾರಣ ಅಂತ ಪರೀಕ್ಷೆ ಇಲ್ಲದೆ ಹೇಳೋಕಾಗಲ್ಲ, ಆದರೆ ಈ ಹುಲ್ಲು ಇವತ್ತೇ ನಿಲ್ಲಿಸಿ ಅಂದರು ಡಾಕ್ಟರು. ಮೇವಿನ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ವಿಷ ಇದ್ದರೆ ಅದು ಹಾಲಿಗೂ ಇಳಿಯುತ್ತದೆ. ಅದೇ ಹಾಲನ್ನು ನಮ್ಮ ಮನೆ ಮಕ್ಕಳೂ ಕುಡಿಯೋದು, ಅಲ್ವಾ?

ಇಲ್ಲಿ ಒಂದು ಮಾತು. ಬೂಸ್ಟು ಹಿಡಿದ ಹುಲ್ಲನ್ನು ಚಾಫ್ ಕಟರ್‌ಗೆ ಕೊಟ್ಟು ಒಳ್ಳೆ ಹುಲ್ಲಿನ ಜೊತೆ ಬೆರೆಸಿ ಹಾಕಿ ಅಂತ ಸಲಹೆ ಕೊಡುವವರು ಊರಿಗೆ ಹತ್ತು ಜನ ಇರುತ್ತಾರೆ. ಕತ್ತರಿಸಿದ ಮೇಲೆ ಹಸುವಿಗೂ ಆರಿಸೋಕಾಗಲ್ಲ, ನಮಗೂ ಆಗಲ್ಲ. ಬಿಡಿಸಿ ನೋಡಿದ ಮೇಲಷ್ಟೇ ಕಟರ್‌ಗೆ ಹಾಕಿ. ಪೆಂಡಿ ಸುತ್ತಿದ ಪ್ಲಾಸ್ಟಿಕ್ ದಾರವನ್ನೂ ಒಂದೂ ಬಿಡದೆ ತೆಗೆಯಿರಿ.

ದಲ್ಲಾಳಿಗೆ ಫೋನ್ ಮಾಡಿದರೆ, 'ಲೋಡ್ ಇಳಿಸ್ಕೊಂಡ ಮೇಲೆ ನಮ್ಮ ಜವಾಬ್ದಾರಿ ಇಲ್ಲ ಅಣ್ಣಾ' ಅಂದ. ಆಮೇಲೆ ನಂಬರ್ ಬ್ಲಾಕ್.

ಏಪ್ರಿಲ್‌ನಲ್ಲಿ ಹುಲ್ಲು ಮುಗಿದರೆ ಏನಾಗುತ್ತೆ ಅಂತ 2023ರ ಬರ ನೋಡಿದವರಿಗೆ ಹೇಳಬೇಕಿಲ್ಲ. ಆ ಸಲ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಮೇವಿಲ್ಲದೆ ಎಲ್ಲರೂ ಒಟ್ಟಿಗೆ ದನ ಮಾರಲು ಸಂತೆಗೆ ಹೋದರೆ ಬೆಲೆ ಎಲ್ಲಿರುತ್ತೆ? ಗೋಹತ್ಯೆ ನಿಷೇಧ ಕಾಯ್ದೆ 2021ರಲ್ಲಿ ಬಂದ ಮೇಲೆ ಮುದಿ ಹಸು, ಗಂಡುಗರು ಕೊಳ್ಳುವವರಂತೂ ನಮ್ಮ ಕಡೆ ಸಿಗುವುದೇ ಕಷ್ಟ. ಕಾಯ್ದೆ ಸರಿಯೋ ತಪ್ಪೋ ಆ ಮಾತು ಬೇರೆ, ಹುಲ್ಲು ಹಾಕಬೇಕಾದವರು ನಾವು. ಹಸು ಕೊಡುವುದಿದ್ದರೆ ಸಂಕ್ರಾಂತಿ ಒಳಗೆ, ಮೈಮೇಲೆ ಮಾಂಸ ಇರುವಾಗಲೇ ಕೊಡಿ.

ಹುಲ್ಲು ಸಾಲದೆ ಸಿಕ್ಕಿದ್ದೆಲ್ಲ ಕೊಯ್ದು ಹಾಕುವುದು ಇನ್ನೂ ಅಪಾಯ. ನೀರಿಲ್ಲದೆ ಮೊಣಕಾಲುದ್ದಕ್ಕೇ ಬಾಡಿದ ಜೋಳದಲ್ಲಿ, ಮಳೆ ಬಿದ್ದ ಮೇಲೆ ಕೊಯ್ದ ಬುಡದಿಂದ ಚಿಗುರಿದ ಕೂಳೆ ಜೋಳದಲ್ಲಿ ಸೈನೈಡ್ ವಿಷ ಇರುತ್ತದೆ. ಪಕ್ಕದ ತೋಟದವರ ಹಸು ಮೇ ತಿಂಗಳಲ್ಲಿ ಹೀಗೇ ಹೋಯಿತು. ಮೇಯ್ದು ಸ್ವಲ್ಪ ಹೊತ್ತಿಗೇ ಉಬ್ಬಸ, ನಡುಕ, ಆಮೇಲೆ ನೆಲಕ್ಕೆ. ಇದಕ್ಕೆ ಚುಚ್ಚುಮದ್ದು ಇದೆ, ಆದರೆ ನಿಮಿಷಗಳ ಆಟ. ಪಶು ಸಹಾಯವಾಣಿ 1962 ಫೋನಿನಲ್ಲಿ ಸೇವ್ ಇರಲಿ.

ಈಗ ನಾವು ಹುಲ್ಲನ್ನು ಕೊಯ್ಲಿನ ಹೊತ್ತಿಗೇ, ಗದ್ದೆಗೇ ಹೋಗಿ ಕೊಳ್ಳುತ್ತೇವೆ. ರಾಗಿ ಹುಲ್ಲು ಸಿಕ್ಕಿದರೆ ಎರಡು ರೂಪಾಯಿ ಜಾಸ್ತಿ ಕೊಟ್ಟಾದರೂ ಅದನ್ನೇ. ಭತ್ತದ ಹುಲ್ಲಿನಲ್ಲಿ ಸಿಲಿಕಾ, ಆಕ್ಸಲೇಟ್ ಜಾಸ್ತಿ, ಆಕ್ಸಲೇಟ್ ಇದ್ದರೆ ಸುಣ್ಣದಂಶ (ಕ್ಯಾಲ್ಸಿಯಂ) ಸರಿಯಾಗಿ ಮೈಗೆ ಹತ್ತಲ್ಲ. ಎರಡು ಹಸುವಿಗೆ ಅಕ್ಟೋಬರ್‌ನಲ್ಲಿ ಬೆದೆಗೆ ಬಂದಾಗ ಗಬ್ಬ ಕಟ್ಟುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದೆವು. ಜುಲೈನಲ್ಲಿ ಕರು ಹಾಕುತ್ತವೆ, ಮೇ ಮಧ್ಯದಿಂದ ಹಾಲು ಬತ್ತಿಸಬಹುದು. ಮೇವು ತುಟ್ಟಿ ಇರುವ ಹೊತ್ತಿಗೆ ಖರ್ಚು ಸ್ವಲ್ಪ ಇಳಿಯುತ್ತೆ. ಹಾಗಂತ ಗಬ್ಬದ ಹಸುವಿಗೆ ಹೊಟ್ಟೆ ಕಟ್ಟಬಾರದು.

ದೂರದಿಂದ ತರಿಸಲೇಬೇಕು ಅಂದರೆ ಹಗಲು ಲೋಡ್ ಮಾತ್ರ ಒಪ್ಪಿಕೊಳ್ಳಿ. ತುಂಬಿದ ಲಾರಿಗೂ ಖಾಲಿ ಲಾರಿಗೂ ವೇ ಬ್ರಿಡ್ಜ್ ಚೀಟಿ ಕೇಳಿ, ರೇಟು ಕೆಜಿ ಲೆಕ್ಕದಲ್ಲಿ ಮಾತಾಡಿ. ನಡುವಿನ ಸಾಲಿನಿಂದ ನೀವೇ ಆರಿಸಿದ ಎರಡು ಪೆಂಡಿ ಕೊಯ್ದು ನೋಡಿ, ಆಮೇಲೆ ಬಾಕಿ ದುಡ್ಡು. ಅಡ್ವಾನ್ಸ್ ಕೇಳಿದವನಿಗೆ, ಪೆಂಡಿ ಬಿಡಿಸಿದ ವಿಡಿಯೊ ಕಳಿಸಪ್ಪಾ ಅನ್ನಿ. ಮೊನ್ನೆ ಒಬ್ಬನಿಗೆ ಅಷ್ಟೇ ಹೇಳಿದೆ, ಇನ್ನೂ ಕಳಿಸಿಲ್ಲ.