ಅಡಿಕೆ ಸುಲಿಗೆಯ ಲೆಕ್ಕಕ್ಕೆ ಲಿಬ್ರೆಆಫೀಸ್: ಎರಡು ಹಂಗಾಮಿನ ಬಳಕೆಯ ನಂತರ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಕೊನೆಕೊಯ್ಲು ಶುರುವಾಯಿತೆಂದರೆ, ಯಾರು ಯಾವ ದಿನ ಎಷ್ಟು ಕಿಲೋ ಅಡಿಕೆ ಸುಲಿದರು, ಮುಂಗಡ ಎಷ್ಟು ಪಡೆದರು ಎಂಬ ಲೆಕ್ಕವೇ ದೊಡ್ಡ ಕೆಲಸ. ಹಿಂದೆ ಇದನ್ನು ವರ್ಡ್‌ನ ಒಂದು ನಮೂನೆಯಲ್ಲಿ ತುಂಬುತ್ತಿದ್ದೆ. ಚೀಟಿ ಅಚ್ಚುಕಟ್ಟಾಗಿಯೇ ಮುದ್ರಣವಾಗುತ್ತಿತ್ತು. ಆದರೆ ಒಬ್ಬರ ತಿಂಗಳ ಮೊತ್ತ ತಿಳಿಯಬೇಕಾದರೆ ಕಡತಗಳನ್ನು ಒಂದೊಂದಾಗಿ ತೆರೆಯಬೇಕಿತ್ತು. ತುಂಬಿದ ವಿವರಗಳನ್ನಷ್ಟೇ ಪಠ್ಯ ಕಡತವಾಗಿ ಉಳಿಸಿ ಮೈಕ್ರೋಸಾಫ್ಟ್‌ನ ದತ್ತಸಂಚಯ ತಂತ್ರಾಂಶವಾದ ಆಕ್ಸೆಸ್‌ಗೆ ಸೇರಿಸುವ ದಾರಿ ವರ್ಡ್‌ನಲ್ಲಿದೆ, ಆದರೆ ಸುಲಿಗೆಯ ಗಡಿಬಿಡಿಯಲ್ಲಿ ದಿನವೂ ಅದನ್ನು ಮಾಡುವವರು ಯಾರು?

ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ, ವರ್ಡ್‌ನಂಥ ಭಾಗವಾದ ರೈಟರ್‌ನ ನಮೂನೆಯೇ ನೇರವಾಗಿ ದತ್ತಸಂಚಯದ ಭಾಗವಾದ ಬೇಸ್‌ನ ಕೋಷ್ಟಕಕ್ಕೆ ಬರೆಯುತ್ತದೆ. ಬೇಸ್‌ನ ಕಡತವನ್ನು (ಒಡಿಬಿ) ಆಯ್ಕೆಗಳಲ್ಲಿ ನೋಂದಾಯಿಸಿ, ಫಾರ್ಮ್ ಪ್ರಾಪರ್ಟೀಸ್‌ನ ಡೇಟಾ ವಿಭಾಗದಲ್ಲಿ ಅದರ ಹೆಸರನ್ನೂ ಕೋಷ್ಟಕವನ್ನೂ ಆರಿಸಿ, ಪ್ರತಿ ಪೆಟ್ಟಿಗೆಗೂ ಅದರ ಅಂಕಣವನ್ನು ಸೂಚಿಸಿದರೆ ಕೆಲಸ ಮುಗಿಯಿತು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ತರಗತಿಗಳನ್ನು, ಪಟ್ಟಿಯಿಂದ ಆರಿಸಲು ಮಾತ್ರ ಬಿಡುವ ಲಿಸ್ಟ್ ಬಾಕ್ಸ್‌ನಲ್ಲಿಟ್ಟಿದ್ದೇನೆ. ಕಾಂಬೊ ಬಾಕ್ಸ್ ಆಗಿದ್ದರೆ ಟೈಪಿಸಿದ ತಪ್ಪು ಕಾಗುಣಿತವೂ ಹಾಗೆಯೇ ಕೋಷ್ಟಕಕ್ಕೆ ಹೋಗುತ್ತಿತ್ತು. ಒಬ್ಬ ಸುಲಿಗೆಯವರ ಹೆಸರಿನ ಕೆಳಗೆ ಅವರ ದಿನದಿನದ ತೂಕ ಮಾತ್ರ ಕಾಣುವಂತೆ ಉಪನಮೂನೆಯನ್ನು ಜೋಡಿಸಿದ್ದು ನನಗೆ ಅತ್ಯಂತ ಉಪಯುಕ್ತವಾಗಿ ಕಂಡ ಸಂಗತಿ.

ತೊಡಕುಗಳೂ ಇವೆ. ಕೋಷ್ಟಕಕ್ಕೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಅಂಕಣ) ಇಲ್ಲದಿದ್ದರೆ ಹೊಸ ಸಾಲನ್ನು ಸೇರಿಸಲು ಬಾರದು. ಇದನ್ನು ತಿಳಿಯದೆ ನಾನು ಒಂದು ಸಂಜೆಯಿಡೀ ನಮೂನೆಯನ್ನೇ ದೂರಿದ್ದೆ. ನಮೂನೆಯನ್ನು ರೂಪಿಸುವ ಡಿಸೈನ್ ಮೋಡನ್ನು ಆಫ್ ಮಾಡದಿದ್ದರೆ ಅಕ್ಷರ ಮೂಡುವ ಬದಲು ಪೆಟ್ಟಿಗೆಯೇ ಸರಿದಾಡುತ್ತದೆ. ಲಿಬ್ರೆಆಫೀಸ್‌ನ ಲೆಕ್ಕದ ಹಾಳೆಯಾದ ಕ್ಯಾಲ್ಕ್ ಅನ್ನು ಮಾಹಿತಿಯ ಮೂಲವಾಗಿ ಜೋಡಿಸಬಹುದು, ಆದರೆ ಓದಲು ಮಾತ್ರ.

ಮಲೆನಾಡಿನವರು ಮುಖ್ಯವಾಗಿ ಗಮನಿಸಬೇಕಾದದ್ದು ಕರೆಂಟಿನ ವಿಷಯ. ಬೇಸ್‌ನೊಳಗೇ ಸೇರಿ ಬರುವ ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ದತ್ತಸಂಚಯ ಎಂಜಿನ್ನನ್ನು ಬಳಸಿದರೆ ಎಲ್ಲ ಕೋಷ್ಟಕಗಳೂ ಒಂದೇ ಜಿಪ್ ಮಾದರಿಯ ಕಡತದೊಳಗೆ ಇರುತ್ತವೆ. ಮುಂದಿನ ದಾಖಲೆಗೆ ಹೋದಾಗ ಸಾಲು ಉಳಿದಂತೆ ಕಂಡರೂ, ಬೇಸ್ ಕಡತವನ್ನು ಉಳಿಸುವ ಅಥವಾ ಮುಚ್ಚುವ ತನಕ ಅದು ಡಿಸ್ಕಿಗೆ ಸೇರಿತೆಂದು ನಂಬಬಾರದು. ಸ್ವಾತಿ ಮಳೆಯ ಒಂದು ಸಂಜೆ ಇನ್ವರ್ಟರ್‌ಗೆ ನೀರು ತುಂಬಿಸಲು ಮರೆತಿದ್ದ ನಾನು ಅರ್ಧ ದಿನದ ತೂಕವನ್ನು ಕಳೆದುಕೊಂಡೆ. ಪುಣ್ಯಕ್ಕೆ ತಕ್ಕಡಿಯ ಪಕ್ಕದ ನೋಟ್‌ಬುಕ್ ಇತ್ತು. ಈಗ ಗಂಟೆಗೊಮ್ಮೆ ಉಳಿಸಿ, ರಾತ್ರಿ ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕುತ್ತೇನೆ. ನಾಲ್ಕು ಜನ ಏಕಕಾಲಕ್ಕೆ ನಮೂದಿಸುವ ಮಂಡಿಯಂಥ ಕಡೆ ಈ ವ್ಯವಸ್ಥೆ ಸಾಲದು, ಅಲ್ಲಿ ಮರಿಯಾಡಿಬಿಯಂಥ, ಹಲವರು ಒಟ್ಟಿಗೆ ಬಳಸಬಲ್ಲ ದತ್ತಸಂಚಯವನ್ನೇ ಜೋಡಿಸಬೇಕು. ಒಂದು ಮನೆಯ ಒಂದು ಕಂಪ್ಯೂಟರಿಗೆ, ಅದೂ ಉಚಿತವಾಗಿ, ಇದು ಧಾರಾಳವಾಯಿತು.

ಹಳೆಯ ಕಡತಗಳಲ್ಲಿದ್ದ ಹೆಸರುಗಳು ಮಾತ್ರ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದುದರಿಂದ, ಕೋಷ್ಟಕದ ಕಣ್ಣಿಗೆ ಅವು ಕನ್ನಡವಾಗಿರದೆ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿದ್ದವು. ಅವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದಲ್ಲಿ ಕೈಯಾರೆ ತಿದ್ದಲು ಎರಡು ಭಾನುವಾರ ಹಿಡಿಯಿತು.