ಸಾಂತೊ ಸ್ಟೆಫಾನೊ ದಿ ಸೆಸಾನಿಯೊ: ಉಣ್ಣೆಯ ಜಾಡು ಹಿಡಿದ ಒಂದು ಕಾಲ್ನಡಿಗೆ ಪ್ರವಾಸ

ಮಧ್ಯ ಇಟಲಿಯ ಅಬ್ರುತ್ಸೊ ಪ್ರಾಂತದಲ್ಲಿ, ಗ್ರಾನ್ ಸಾಸೊ ಪರ್ವತದ ಮಗ್ಗುಲಲ್ಲಿ ಸುಮಾರು 1,250 ಮೀಟರ್ ಎತ್ತರದಲ್ಲಿರುವ ಸಾಂತೊ ಸ್ಟೆಫಾನೊ ದಿ ಸೆಸಾನಿಯೊ ಎಂಬ ಕಲ್ಲಿನ ಊರನ್ನು, ಸ್ಥಳೀಯ ಮಾರ್ಗದರ್ಶಿಯೊಂದಿಗೆ ಅರ್ಧ ದಿನ ನಡೆದು ನೋಡುವ ಪ್ರವಾಸದ ವಿಮರ್ಶೆ ಇದು. ಕೆಲವೇ ನಿಮಿಷಗಳಲ್ಲಿ ದಾಟಿಬಿಡಬಹುದಾದ ಇಷ್ಟು ಚಿಕ್ಕ ಊರಿಗೆ ಹಣ ಕೊಟ್ಟು ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಬೇಕೇ ಎಂದು ಯಾರಿಗಾದರೂ ಅನ್ನಿಸೀತು. ಬೇಕು ಎನ್ನುವುದು ನನ್ನ ಅಭಿಪ್ರಾಯ.

ನಡಿಗೆ ಶುರುವಾಗುವುದು ಮೆಡಿಚಿ ವಂಶದ ಲಾಂಛನ ಹೊತ್ತ ಕಮಾನು ಬಾಗಿಲಿನ ಕೆಳಗೆ. ಫ್ಲಾರೆನ್ಸಿನ ಆ ಸಿರಿವಂತ ಮನೆತನಕ್ಕೆ ಇಷ್ಟು ದೂರದ ಬೆಟ್ಟದಲ್ಲಿ ಏನು ಕೆಲಸವಿತ್ತು ಎಂಬ ಪ್ರಶ್ನೆಯನ್ನೇ ನಮ್ಮ ಮಾರ್ಗದರ್ಶಿ ಮೊದಲು ಕೇಳಿದರು. ಮುಂದೆ ಹೇಳಿದ್ದೆಲ್ಲ ಅದಕ್ಕೆ ಉತ್ತರವೇ. 1579ರಲ್ಲಿ ಫ್ರಾಂಚೆಸ್ಕೊ ಮೆಡಿಚಿ ಈ ಊರು ಸೇರಿದ ಕರಪೆಲ್ಲೆ ಜಹಗೀರನ್ನು ಕೊಸ್ತಾಂತ್ಸಾ ಪಿಕ್ಕೊಲೊಮಿನಿಯಿಂದ ಕೊಂಡುಕೊಂಡದ್ದು ಉಣ್ಣೆಗಾಗಿ. ಬೇಸಿಗೆಯಲ್ಲಿ ಕಾಂಪೊ ಇಂಪೆರಾತೋರೆಯ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಕುರಿಗಳನ್ನು ಚಳಿ ಬರುವ ಮುನ್ನ, ಲಾಕ್ವಿಲಾದಿಂದ ಫೊಜ್ಜಾದವರೆಗಿನ ಸುಮಾರು 244 ಕಿಲೋಮೀಟರ್ ಉದ್ದದ ಕುರಿದಾರಿಯಲ್ಲಿ ದಕ್ಷಿಣದ ಪುಲಿಯಾ ಪ್ರಾಂತದ ಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಇಲ್ಲಿನ ಒರಟು ಕಪ್ಪು ಉಣ್ಣೆ ಫ್ಲಾರೆನ್ಸ್ ಇರುವ ಟಸ್ಕನಿಗೆ ಹೋಗಿ ಸನ್ಯಾಸಿಗಳ ನಿಲುವಂಗಿಯೂ ಸೈನಿಕರ ಸಮವಸ್ತ್ರವೂ ಆಗುತ್ತಿತ್ತು. ಮೆಡಿಚಿಗಳ ಒಡೆತನ ಮುಗಿದದ್ದು 1743ರಲ್ಲಿ. ಇಟಲಿ ಒಂದಾದ ಮೇಲೆ ಪುಲಿಯಾದ ಮೇವಿನ ನೆಲ ಖಾಸಗಿಯವರ ಪಾಲಾಗಿ ಕುರಿಗಾರಿಕೆ ಕುಸಿಯಿತು, ಜನ ಊರು ಬಿಟ್ಟರು. ಹೊಸ ಕಟ್ಟಡ ಕಟ್ಟಲು ಯಾರ ಕೈಯಲ್ಲೂ ಹಣವಿರಲಿಲ್ಲ; ಊರು ಹಳೆಯದಾಗಿಯೇ ಉಳಿದದ್ದು ಬಡತನದ ಕೃಪೆಯಿಂದ. ಈ ಮಾತನ್ನು ಅಲಂಕಾರವಿಲ್ಲದೆ ಹೇಳಿದ್ದಕ್ಕೆ ಮಾರ್ಗದರ್ಶಿಯನ್ನು ಮೆಚ್ಚಲೇಬೇಕು.

ಒಂದಕ್ಕೊಂದು ಅಂಟಿಕೊಂಡು ನಿಂತ ಹೊರಸಾಲಿನ ಮನೆಗಳ ಹಿಂಗೋಡೆಗಳೇ ಊರಿನ ಕೋಟೆಗೋಡೆಯಾಗಿರುವುದನ್ನು ಅವರು ತೋರಿಸದಿದ್ದರೆ ನಾನು ಗಮನಿಸುತ್ತಿರಲಿಲ್ಲ. ನಡುವಿನ ದುಂಡು ಗೋಪುರದ ಎದುರು ಮಾತ್ರ ವಿವರಣೆ ಅವಸರದ್ದಾಯಿತು. 2009ರ ಏಪ್ರಿಲ್ 6ರ ಭೂಕಂಪದಲ್ಲಿ ಆ ಗೋಪುರ ಕುಸಿದು ಬಿತ್ತು. ಹಿಂದಿನ ದುರಸ್ತಿಯಲ್ಲಿ ಅದರ ನೆತ್ತಿಗೆ ಹೊರಿಸಿದ್ದ ಕಾಂಕ್ರೀಟಿನ ಭಾರವನ್ನು ಅದಕ್ಕೆ ಕಾರಣವಾಗಿ ಹೇಳಲಾಗುತ್ತದೆ. ವರ್ಷಗಟ್ಟಲೆ ಆ ಜಾಗದಲ್ಲಿ ಗೋಪುರದ ಆಕಾರದ್ದೇ ಕಬ್ಬಿಣದ ಚೌಕಟ್ಟು ನಿಂತಿತ್ತು, ಆಮೇಲೆ ಗೋಪುರವನ್ನು ಮತ್ತೆ ಕಟ್ಟಲಾಯಿತು. ಹಳೆಯ ಕಟ್ಟಡವನ್ನು ಹೇಗೆ ಉಳಿಸಬೇಕು, ಹೇಗೆ ಉಳಿಸಬಾರದು ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಊರಿನ ಹಳೆಯ ಮನೆಗಳಲ್ಲಿ ಕೋಣೆಗಳನ್ನು ಹರಡಿ ನಡೆಸುವ ಸೆಕ್ಸ್‌ಟಾಂಟಿಯೊ ಹೋಟೆಲಿನ ಬಗ್ಗೆಯೂ ಇಲ್ಲಿಯೇ ಮಾತು ಬರಬೇಕಿತ್ತು. ಬಂದದ್ದು ಒಂದೇ ವಾಕ್ಯ.

ಕೊನೆಯ ಹಂತ ವಾಹನದಲ್ಲಿ ಪಕ್ಕದ ರೊಕ್ಕಾ ಕಲಾಶಿಯೊ ಕೋಟೆಗೆ. ಸುಮಾರು 1,460 ಮೀಟರ್ ಎತ್ತರದ ಈ ಕೋಟೆಯನ್ನೂ ಅದರ ಕೆಳಗಿನ ಎಂಟು ಮೂಲೆಯ ಚರ್ಚನ್ನೂ ಅರ್ಧ ಗಂಟೆಯಲ್ಲಿ ಮುಗಿಸಿದ್ದು ಅನ್ಯಾಯ. ಅದರಲ್ಲೂ ಒಂದು ಪಾಲು ಇಲ್ಲಿ ನಡೆದ ಸಿನಿಮಾ ಚಿತ್ರೀಕರಣಗಳ ಕಥೆಗೆ ಹೋಯಿತು. ಮೋಡವಿಲ್ಲದ ದಿನ 2,912 ಮೀಟರಿನ ಕೊರ್ನೊ ಗ್ರಾಂದೆ ಶಿಖರವನ್ನು ಇಲ್ಲಿಂದ ನೋಡುತ್ತ ಕೂರಲು ಬಯಸುವವರು ಈ ಹಂತವನ್ನು ಬಿಟ್ಟು, ಮರುದಿನ ತಾವೇ ಬರುವುದು ಮೇಲು.

ಶುಲ್ಕದಲ್ಲಿ ಊಟ ಸೇರಿಲ್ಲ. ನೆನೆಹಾಕದೆಯೇ ಬೇಯುವ ಇಲ್ಲಿನ ಪುಟ್ಟ ಕಂದುಬೇಳೆಯ ಸೂಪನ್ನು ಊರಿನಲ್ಲಿ ಕೇಳಿ ಪಡೆಯಬಹುದು. ಓಣಿಗಳು ಕಡಿದಾಗಿವೆ, ಮೆಟ್ಟಿಲುಗಳು ಸವೆದು ನುಣುಪಾಗಿವೆ. ಮಂಡಿನೋವಿರುವವರು ಕಾಯ್ದಿರಿಸುವ ಮೊದಲೇ ದಾರಿಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.