ಹಳೆ ಧಾರೆ ಸೀರೆ: ಹೊಲಿಸೋದಾ, ಮಾರೋದಾ, ಯಾರಿಗಾದ್ರೂ ಕೊಡೋದಾ?

ಇಪ್ಪತ್ತು ವರ್ಷದ ಧಾರೆ ಸೀರೆ ಬೀರುವಿನಲ್ಲಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ರೇಷ್ಮೆ ಮಡಿಕೆಯಲ್ಲೇ ಸೀಳೋದು ಜಾಸ್ತಿ.

ಸೀಳು ಅಲ್ಲಲ್ಲಿ ಮಾತ್ರ ಇದ್ದರೆ ಮಗಳಿಗೆ ಲಂಗ ಹೊಲಿಸಿ. ನನಗೆ ಇದೇ ಇಷ್ಟ. ಐದೂವರೆ ಮೀಟರ್ ಬಟ್ಟೆ ಇರುತ್ತದೆ, ಹರಿದ ಜಾಗ ಬಿಟ್ಟು ಕತ್ತರಿಸಬಹುದು, ಸೀರೆಯ ಅಂಚೇ ಲಂಗದ ಅಂಚಾಗುತ್ತದೆ. ಹೊಲಿಗೆಯ ಜೊತೆ ಹತ್ತಿ ಲೈನಿಂಗಿಗೂ ದುಡ್ಡು ಬೇಕು, ಆದರೆ ಅದನ್ನು ಬಿಡಬೇಡಿ, ಹಳೆ ರೇಷ್ಮೆಗೆ ಅದೇ ಆಸರೆ. ಒಳಗೆ ಮಡಿಕೆ ಇಟ್ಟು ಹೊಲಿಸಿದರೆ ಮಗು ಬೆಳೆದ ಮೇಲೂ ಒಂದೆರಡು ವರ್ಷ ಉಡಬಹುದು.

ಪೂರ್ತಿ ಜೀರ್ಣವಾಗಿದ್ದರೆ ಹಳೆ ಜರಿ ಕೊಳ್ಳುವವರಿಗೆ ಮಾರುವುದೇ ಸರಿ. ಕೈಗೆ ದುಡ್ಡು ಬರುವ ದಾರಿ ಇದೊಂದೇ. ಕರ್ನಾಟಕ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ, ಹಾಗಾಗಿ ಹರಿದರೂ ಬೆಲೆ ಇದೆ. ತಾಮ್ರದ ಜರಿಯಾದರೆ ಹೆಚ್ಚೇನೂ ಸಿಗುವುದಿಲ್ಲ. ಎರಡು ಮೂರು ಕಡೆ ಕೇಳಿ, ಎದುರಿಗೇ ತೂಗಿಸಿ. ಒಂದು ಸಲ ಕೊಟ್ಟರೆ ಸೀರೆ ವಾಪಸ್ ಬರಲ್ಲ, ಅಮ್ಮ ಕೊಡಿಸಿದ್ದಾದರೆ ಅಂಚಿನ ತುಂಡೊಂದನ್ನಾದರೂ ಇಟ್ಟುಕೊಳ್ಳಿ.

ಸೀರೆ ಗಟ್ಟಿಯಾಗಿದ್ದು ನೀವು ಉಡುವುದಿಲ್ಲ ಅಂದರೆ ಮದುವೆ ಇರುವ ಮನೆಗೆ ಕೊಡಬಹುದು. ಮೊದಲು ಕೇಳಿ. ಡ್ರೈ ವಾಶ್ ಮಾಡಿಸಿ, ಫಾಲ್ ಬದಲಿಸಿ, ಅರಿಶಿನ ಕುಂಕುಮ ಇಟ್ಟು ಕೊಡಿ. ಸೀಳಿರುವುದನ್ನು ಮಾತ್ರ ಕೊಡಬೇಡಿ.